ಯುದ್ಧದ ಲೆಕ್ಕ ಬರೆಯುವವರು ಯಾರು?



ಕಳೆದ ತಿಂಗಳು ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗಿಯೊಬ್ಬಳು ಕಾಗದದ ಕಟ್ಟೊಂದನ್ನು ಹಿಡಿದುಕೊಂಡು ಬಂದಳು. ಅವಳ ತಂದೆ ತಾಯಿ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿದ್ದಾರೆ. ಅವಳು ಇಲ್ಲಿ ಕಾರಿಮಂಗಲಂ ಸಮೀಪ ಅಜ್ಜಿಯ ಮನೆಯಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಾಳೆ. “ಅಯ್ಯಾ, ಈ ಕಾಲದ ಯುದ್ಧಗಳಿಂದ ಜನರಿಗೆ ಏನಾಯಿತು, ಅದನ್ನು ಪತ್ರಿಕೆಗಳು ಹೇಗೆ ಬರೆದವು ಎಂದು ಸಂಶೋಧನೆ ಮಾಡಿ ಒಪ್ಪಿಸಬೇಕು. ಸಿಲೋನಿನಿಂದ ಬಂದವರ ಹತ್ತಿರ ಮಾತಾಡಿಸಿಕೊಡುತ್ತೀರಾ?” ಎಂದು ಕೇಳಿದಳು. ನಮಗೆ ಸಂತೋಷವೇ ಆಯಿತು. ಕಟ್ಟಿನಲ್ಲಿದ್ದ ಪ್ರಶ್ನೆಗಳನ್ನು ಓದಿದಾಗ ಸ್ವಲ್ಪ ಕಳವಳವೂ ಆಯಿತು. ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ಒಂದು ಪ್ರಶ್ನೆ ಹೀಗಿತ್ತು: ಯುದ್ಧದಿಂದ ನಿಮ್ಮ ಮನಸ್ಸಿಗೆ ನೋವಾಗಿದೆಯೇ? ಪಕ್ಕದಲ್ಲಿ ನಿಂತಿದ್ದ, ಹಡಗಿನಲ್ಲಿ ಈ ಕಡೆಗೆ ಬಂದ ಒಬ್ಬ ಮುದುಕಿ ಅದನ್ನು ಓದಿಸಿ ಕೇಳಿ, “ಇದಕ್ಕೆ ಇಷ್ಟೇ ಜಾಗವಾ ತಾಯಿ?” ಎಂದಳು.

ಹುಡುಗಿ ನಾಚಿಕೊಂಡಳು. ತಪ್ಪು ಅವಳದಲ್ಲ. ಅವಳಿಗೆ ಹಾಗೆ ಕಲಿಸಿದ್ದಾರೆ. ಆದರೆ ಈ ವಿಷಯವನ್ನು ನಾವು ಮನೆಮನೆಯಲ್ಲೂ ಯೋಚಿಸಬೇಕೆಂದು ತೋರಿದ್ದರಿಂದ ಈ ತಿಂಗಳ ಸಂಪಾದಕೀಯವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಈಗಿನ ಮಕ್ಕಳಿಗೆ ಯುದ್ಧವೆಂದರೆ ಕೈಫೋನಿನಲ್ಲಿ ಕಾಣುವ ವಸ್ತು. 2022ರ ಫೆಬ್ರವರಿಯಿಂದ ಯುಕ್ರೇನ್, 2023ರ ಅಕ್ಟೋಬರಿನಿಂದ ಗಾಜಾ. ಕಟ್ಟಡ ಕುಸಿಯುವುದನ್ನು ನೋಡುತ್ತಾರೆ, ಬೆರಳಿನಿಂದ ಮೇಲಕ್ಕೆ ತಳ್ಳುತ್ತಾರೆ, ಮುಂದಿನದು ಸಿನಿಮಾ ಹಾಡು. ನಮ್ಮ ಮನೆಯ ಗೋಡೆಯಾಚೆಗೇ ಯುದ್ಧವನ್ನು ಕಂಡವರು ಮಲಗಿ ಏಳುತ್ತಿದ್ದಾರೆಂದು ಎಷ್ಟು ಮಕ್ಕಳಿಗೆ ಗೊತ್ತು? ಧರ್ಮಪುರಿ ಜಿಲ್ಲೆಯಲ್ಲಿ ಅಣೆಕಟ್ಟುಗಳ ಮಗ್ಗುಲಲ್ಲಿ ಶ್ರೀಲಂಕಾದವರ ಶಿಬಿರಗಳಿವೆ. ನಮ್ಮ ತುಂಬಲಹಳ್ಳಿಯಲ್ಲೂ ಒಂದಿದೆ. 2021ರಲ್ಲಿ ಸರ್ಕಾರ ಅವುಗಳನ್ನು ನಿರಾಶ್ರಿತರ ಶಿಬಿರ ಎನ್ನದೆ ಪುನರ್ವಸತಿ ಶಿಬಿರ ಎಂದು ಕರೆಯಬೇಕೆಂದಿತು. ಹೆಸರು ಬದಲಾಯಿತು, ಒಳ್ಳೆಯದೇ. ಅಲ್ಲಿನವರು ನಮ್ಮ ಸಂತೆಗೇ ಬರುತ್ತಾರೆ, ನಮ್ಮ ಬಸ್ಸನ್ನೇ ಹತ್ತುತ್ತಾರೆ. ಅವರಿಗೆ ಏನಾಯಿತೆಂದು ನಾವು ಕೇಳಿದ್ದು ಕಡಿಮೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ಪತ್ರಿಕೆಗಳು ಅದನ್ನು ಬಿಡಿಸುವುದಿಲ್ಲ. “ಲಂಕಾ ತಮಿಳರು” ಎಂದು ಒಂದೇ ಮಾತಿನಲ್ಲಿ ಬರೆದುಬಿಡುತ್ತಾರೆ. ಜಾಫ್ನಾದ ಕಡೆಯವರು ಬೇರೆ, ತೋಟದವರು ಬೇರೆ. ತೋಟದವರೆಂದರೆ ನಮ್ಮವರೇ. ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು ತಿರುಚಿನಾಪಳ್ಳಿ, ಮಧುರೆ, ಸೇಲಂ ಸೀಮೆಗಳಿಂದ ಜನ ಕಟ್ಟಿಕೊಂಡು ಮಂಡಪಂ ಮಾರ್ಗವಾಗಿ ಸಿಲೋನಿನ ಮಲೆನಾಡಿಗೆ ಸಾಗಿಸಿದರು. ಮಳೆ ಕೈಕೊಟ್ಟಾಗ ಒಬ್ಬ ಅಣ್ಣ ಕೊಡಗಿನ ಘಟ್ಟ ಹತ್ತಿದರೆ ಇನ್ನೊಬ್ಬ ಕಡಲು ದಾಟಿದ. ಓದುವ ಮಕ್ಕಳು ಒಂದು ಮಾತು ಗುರುತಿಟ್ಟುಕೊಳ್ಳಲಿ: ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಅದಕ್ಕೆ ಮುಂಚಿನ ದಾಖಲೆಗಳಲ್ಲಿ ನಮ್ಮ ಊರುಗಳನ್ನು ಸೇಲಂ ಜಿಲ್ಲೆಯ ಕೆಳಗೆ ಹುಡುಕಬೇಕು.

ಸ್ವತಂತ್ರ ಸಿಲೋನ್ 1948ರ ಪೌರತ್ವ ಕಾಯಿದೆಯಿಂದ ಈ ತೋಟದ ಜನರಲ್ಲಿ ಬಹುಪಾಲು ಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿಯವರೂ ಸಿರಿಮಾವೋ ಅವರೂ ಒಪ್ಪಂದಕ್ಕೆ ರುಜು ಹಾಕಿದರು. ಒಟ್ಟು 9,75,000 ಜನ. ಅವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಕಣದಲ್ಲಿ ರಾಗಿ ಅಳೆದ ಹಾಗೆ ಮನುಷ್ಯರನ್ನು ಅಳೆದರು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರು ನೀಲಗಿರಿಯ ಸರ್ಕಾರಿ ಟೀ ತೋಟಗಳಿಗೆ ಹೋದರು. ಕರ್ನಾಟಕದಲ್ಲಿ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೂ ಹೋದರು. ಈ ಪತ್ರಿಕೆ ಓದುವ ಎಷ್ಟೋ ಮಂದಿ ಅವರ ಜೊತೆಯಲ್ಲೇ ರಬ್ಬರ್ ಹಾಲು ಎತ್ತಿದವರು. ನಮ್ಮ ಮನೆಮಾತು ಕನ್ನಡ, ಅವರದು ತಮಿಳು. ಲೈನಿನಲ್ಲಿ ಇಬ್ಬರಿಗೂ ನಡುಗೋಡೆ ಒಂದೇ.

ಈ ಜನ ಪ್ರತ್ಯೇಕ ರಾಜ್ಯ ಕೇಳಿದವರಲ್ಲ, ಬಂದೂಕು ಹಿಡಿದವರಲ್ಲ. ಆದರೂ 1977ರ ಆಗಸ್ಟಿನಲ್ಲಿ, 1981ರಲ್ಲಿ, ಮತ್ತೆ 1983ರ ಜುಲೈಯಲ್ಲಿ ಅವರ ಲೈನುಗಳಿಗೆ ಬೆಂಕಿ ಬಿತ್ತು. ಹೆದರಿದ ಸಾವಿರಾರು ಕುಟುಂಬಗಳು ಬೆಟ್ಟ ಇಳಿದು ಉತ್ತರದ ವವುನಿಯಾ, ಕಿಳಿನೊಚ್ಚಿ ಕಡೆಯ ವನ್ನಿ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡವು. ಅಲ್ಲಿ ಸುರಕ್ಷಿತವೆಂದು ಅವರ ನಂಬಿಕೆ. 2009ರಲ್ಲಿ ಕೊನೆಯ ಗುಂಡಿನ ಮಳೆ ಸುರಿದದ್ದು ಅದೇ ವನ್ನಿಯ ಮೇಲೆ. ಇನ್ನು ಕೆಲವರು ದೋಣಿ ಹತ್ತಿ ನಮ್ಮ ಕಡೆಗೆ ಬಂದರು. ತಮಿಳುನಾಡಿನ ಶಿಬಿರಗಳಲ್ಲಿ ಇರುವವರಲ್ಲಿ ಸಾವಿರಾರು ಮಂದಿ ಹೀಗೆ ತೋಟದ ಮೂಲದವರು. ಅವರ ಅಜ್ಜಂದಿರನ್ನು ಕಳುಹಿಸಿಕೊಟ್ಟ ಮಂಡಪಂ ಶಿಬಿರವೇ ಅವರನ್ನು ನಿರಾಶ್ರಿತರೆಂದು ಬರೆದುಕೊಂಡಿತು.

ಇನ್ನು ಪತ್ರಿಕೆಗಳ ವಿಷಯ. 1983ರ ಜುಲೈ 23ರಂದು ಜಾಫ್ನಾದಲ್ಲಿ 13 ಮಂದಿ ಸೈನಿಕರು ಹುಲಿಗಳ ದಾಳಿಯಲ್ಲಿ ಸತ್ತರು. ಮರುದಿನದಿಂದ ಕೊಲಂಬೊ ಹೊತ್ತಿ ಉರಿಯಿತು. ಪ್ರಪಂಚದ ವರದಿಗಾರರು ಇದ್ದದ್ದು ಕೊಲಂಬೊದಲ್ಲಿ, ಆದ್ದರಿಂದ ಲೋಕಕ್ಕೆ ಕಂಡದ್ದು ಹೆಚ್ಚಾಗಿ ಕೊಲಂಬೊ. ಬದುಲ್ಲ, ನುವರ ಎಲಿಯ ಕಡೆಗಳಲ್ಲಿ ತೋಟದ ಪಟ್ಟಣಗಳು ಸುಟ್ಟದ್ದು ಒಂದೆರಡು ಸಾಲಿನಲ್ಲಿ ಮುಗಿಯಿತು. ಸತ್ತವರ ಲೆಕ್ಕವನ್ನು ನೋಡಿ: ಸರ್ಕಾರದ ಪ್ರಕಾರ 400ರ ಒಳಗೆ, ಬೇರೆಯವರ ಅಂದಾಜು 3,000ದವರೆಗೆ. ಒಂದೇ ವಾರ, ಒಂದೇ ದೇಶ. ನಡುವಿನ ಆ ಎರಡು ಸಾವಿರ ಚಿಲ್ಲರೆ ಜನರು ಮನುಷ್ಯರೋ, ಬರಿಯ ಅಂಕಿಯೋ?

2009ರಲ್ಲಿ ಇದು ಇನ್ನೂ ಕಠಿಣವಾಯಿತು. 2008ರ ಸೆಪ್ಟೆಂಬರಿನಲ್ಲೇ ವಿಶ್ವಸಂಸ್ಥೆಯವರನ್ನೂ ಸಹಾಯ ಸಂಸ್ಥೆಗಳವರನ್ನೂ ವನ್ನಿಯಿಂದ ಹೊರಡಿಸಲಾಗಿತ್ತು. ಸ್ವತಂತ್ರ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಯುದ್ಧವನ್ನು ಪ್ರಶ್ನಿಸಿ ಬರೆಯುತ್ತಿದ್ದ ಕೊಲಂಬೊದ ಸಂಪಾದಕ ಲಸಂತ ವಿಕ್ರಮತುಂಗೆಯವರನ್ನು 2009ರ ಜನವರಿ 8ರಂದು ದಾರಿಯಲ್ಲೇ ಕೊಂದರು. ಒಳಗೆ ಉಳಿದಿದ್ದ ಕೆಲವು ಸರ್ಕಾರಿ ವೈದ್ಯರು ಮಾತ್ರ ಇಂದು ಇಷ್ಟು ಹೆಣ, ಇಷ್ಟು ಗಾಯಾಳು ಎಂದು ಫೋನಿನಲ್ಲಿ ಹೊರಜಗತ್ತಿಗೆ ಹೇಳುತ್ತಿದ್ದರು. ಯುದ್ಧ ಮುಗಿದೊಡನೆ ಅವರನ್ನು ಹಿಡಿದಿಟ್ಟರು. ಜುಲೈಯಲ್ಲಿ ಪತ್ರಕರ್ತರ ಮುಂದೆ ಕೂರಿಸಿದಾಗ, ನಾವು ಹೇಳಿದ್ದು ಉತ್ಪ್ರೇಕ್ಷೆ ಎಂದು ಅವರು ಹೇಳಿದರು. ಕಾವಲಿನಲ್ಲಿದ್ದವನ ಬಾಯಿಂದ ಬಂದ ಮಾತನ್ನು ಹೇಗೆ ಓದಬೇಕೆಂದು ಕೂಲಿಯ ಜನರಿಗೆ ವಿವರಿಸಬೇಕಾಗಿಲ್ಲ.

ಆಗ ಮನ್ನಾರಿನ ಬಿಷಪ್ ರಾಯಪ್ಪು ಜೋಸೆಫ್‌ರವರು ಮಾಡಿದ ಒಂದು ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು. 2011ರ ಜನವರಿಯಲ್ಲಿ ಅವರು ಸರ್ಕಾರವೇ ನೇಮಿಸಿದ ಆಯೋಗದ ಮುಂದೆ ಹೋಗಿ ಆವೇಶದ ಭಾಷಣ ಮಾಡಲಿಲ್ಲ, ಒಂದು ಕಳೆಯುವ ಲೆಕ್ಕ ಇಟ್ಟರು. ಸರ್ಕಾರದ ಜಿಲ್ಲಾ ಕಚೇರಿಗಳ ಲೆಕ್ಕದಂತೆ 2008ರ ಅಕ್ಟೋಬರ್ ಆರಂಭದಲ್ಲಿ ವನ್ನಿಯಲ್ಲಿದ್ದವರು 4,29,059. ಯುದ್ಧ ಮುಗಿದು 2009ರ ಜುಲೈ ವೇಳೆಗೆ ಸರ್ಕಾರದ ಕಡೆಗೆ ಬಂದು ಸೇರಿದವರು 2,82,380. ಉಳಿದ 1,46,679 ಮಂದಿ ಏನಾದರು? ಅವರೆಲ್ಲ ಸತ್ತರೆಂದು ಬಿಷಪ್ ಹೇಳಲಿಲ್ಲ. ಲೆಕ್ಕ ಕೊಡಿ ಎಂದರು. ಬೆಳಿಗ್ಗೆ ತೋಟಕ್ಕೆ ಹೋದ ಆಳು ಇಷ್ಟು, ಸಂಜೆ ಲೈನಿಗೆ ಬಂದದ್ದು ಇಷ್ಟು, ಉಳಿದವರೆಲ್ಲಿ ಎಂದು ಮೇಸ್ತ್ರಿಯನ್ನು ಕೇಳುವ ಲೆಕ್ಕವೇ ಇದು. ಅದೇ ವರ್ಷ ವಿಶ್ವಸಂಸ್ಥೆಯ ಪರಿಣತರ ಸಮಿತಿ ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದಷ್ಟೂ ಇರಬಹುದೆಂದು ಹೇಳಿತು. ಬಿಷಪ್‌ರವರು 2021ರ ಏಪ್ರಿಲ್ 1ರಂದು ತೀರಿಕೊಂಡರು. ಅವರ ಪ್ರಶ್ನೆಗೆ ಉತ್ತರ ಕೊಡುವ ಲೆಕ್ಕ ಅವರ ಜೀವಮಾನದಲ್ಲಿ ಬರಲಿಲ್ಲ.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಡಾಕ್ಟರ್ ರಜನಿ ತಿರಣಗಾಮ, ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು, ಜಾಫ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಶರೀರ ರಚನಾಶಾಸ್ತ್ರ ಕಲಿಸುತ್ತಿದ್ದವರು. ಮೊದಲು ಹುಲಿಗಳ ಹೋರಾಟದ ಕಡೆಗೇ ಒಲವಿದ್ದವರು, ಗಾಯಗೊಂಡ ಹುಡುಗರಿಗೆ ಮದ್ದು ಹಾಕಿದವರು. ನಂತರ ಮನೆಮನೆಗೆ ಹೋಗಿ, ಮುಖ್ಯವಾಗಿ ಹೆಂಗಸರ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಂಡರು. ಅವರೂ ಮೂವರು ಸಹೋದ್ಯೋಗಿಗಳೂ ಸೇರಿ ಬರೆದ ಪುಸ್ತಕ ‘ದಿ ಬ್ರೋಕನ್ ಪಾಮೈರಾ’ 1990ರಲ್ಲಿ ಅಚ್ಚಾಯಿತು. ಮುರಿದ ತಾಳೆಮರ ಎಂದು ಅದರ ಅರ್ಥ. ಅದರಲ್ಲಿ ಸಿಂಹಳ ಸೇನೆಯ ಪಾಪವೂ ಇತ್ತು, ತಮಿಳು ಹುಡುಗರ ಪಾಪವೂ ಇತ್ತು, 1987ರಲ್ಲಿ ಶಾಂತಿಗೆಂದು ಹೋದ ನಮ್ಮ ಭಾರತದ ಸೇನೆಯ ಪಾಪವೂ ಇತ್ತು. ಆ ವರ್ಷ ಅಕ್ಟೋಬರ್ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯಲ್ಲಿ ಶುರುವಾದ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಾಳಗದ ನಡುವೆ ಸಿಕ್ಕಿ ಸತ್ತರೆಂದು ಸೇನೆಯ ಹೇಳಿಕೆ. ಬದುಕುಳಿದ ಸಿಬ್ಬಂದಿಯ ಸಾಕ್ಷಿ ಬೇರೆ. ಆ ದ್ವೀಪದಲ್ಲಿ ಸತ್ತ ಭಾರತದ ಸೈನಿಕರೂ ಸುಮಾರು 1,200 ಮಂದಿ. ಅವರೂ ಬಡವರ ಮಕ್ಕಳೇ. ರಜನಿಯವರು 1989ರ ಸೆಪ್ಟೆಂಬರ್ 21ರಂದು ಕಾಲೇಜಿನಿಂದ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಗುಂಡೇಟಿಗೆ ಬಲಿಯಾದರು. ವಯಸ್ಸು 35, ಇಬ್ಬರು ಹೆಣ್ಣುಮಕ್ಕಳು. ಹುಲಿಗಳೇ ಕೊಂದರೆಂದು ಮನೆಯವರೂ ಸಹೋದ್ಯೋಗಿಗಳೂ ಹೇಳುತ್ತಾರೆ. ಪುಸ್ತಕ ಅಚ್ಚಾದದ್ದನ್ನು ಅವರು ಕಾಣಲಿಲ್ಲ.

ನಮ್ಮ ಶತ್ರುವಿನ ಪಾಪ ಬರೆಯಲು ಹೆಚ್ಚು ಧೈರ್ಯ ಬೇಕಾಗಿಲ್ಲ. ಪತ್ರಿಕೆಗಳು ಬಹುಮಟ್ಟಿಗೆ ಅದನ್ನೇ ಮಾಡುತ್ತವೆ, ನಮ್ಮ ಕೈಫೋನುಗಳು ಅದಕ್ಕಿಂತ ಹೆಚ್ಚಾಗಿ ಮಾಡುತ್ತವೆ. ಸ್ವಂತ ಕಡೆಯವರ ಕೈಯಲ್ಲಿರುವ ರಕ್ತವನ್ನು ಬರೆಯುವುದು ಬೇರೆ ಸಂಗತಿ. ಹೇಬೆಲನ ರಕ್ತ ನೆಲದಿಂದ ಕೂಗಿದ್ದು ಅನ್ಯನ ವಿರುದ್ಧವಲ್ಲ, ಅಣ್ಣನ ವಿರುದ್ಧ.

“ಅದೆಲ್ಲ ಕಡಲಾಚೆಯದು” ಎನ್ನುವವರಿಗೆ ನಮ್ಮ ಕಾಡಿನ ಕಡೆ ಕೈ ತೋರಿಸುತ್ತೇವೆ. ನಮ್ಮ ಜಿಲ್ಲೆಯ ಹರೂರು ತಾಲ್ಲೂಕಿನ ವಾಚಾತ್ತಿ ಮಲೆಯಾಳಿ ಬುಡಕಟ್ಟಿನವರ ಊರು. 1992ರ ಜೂನ್ 20ರಂದು ಗಂಧದ ಮರ ಹುಡುಕುತ್ತೇವೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಆ ಊರಿಗೆ ನುಗ್ಗಿದರು. ಮನೆಗಳನ್ನು ಕೆಡವಿದರು, 18 ಹೆಣ್ಣುಮಕ್ಕಳ ಮಾನ ಕೆಡಿಸಿದರು, ಹೆಂಗಸರು ಮಕ್ಕಳೆನ್ನದೆ ನೂರಕ್ಕೂ ಹೆಚ್ಚು ಮಂದಿಯನ್ನು ಸೆರೆಮನೆಗೆ ತಳ್ಳಿದರು. ಅಧಿಕಾರದಲ್ಲಿದ್ದವರು ಅಂಥದ್ದೇನೂ ನಡೆದಿಲ್ಲವೆಂದರು. ಬುಡಕಟ್ಟು ಸಂಘದವರು, ಎಡಪಕ್ಷದವರು ಹೋಗಿ ಕೇಳಿ ಬರೆದುಕೊಂಡರು; ಹೆಂಗಸರು ಮಾತು ಬದಲಿಸಲಿಲ್ಲ. 1995ರಲ್ಲಿ ಹೈಕೋರ್ಟು ಸಿ.ಬಿ.ಐ. ತನಿಖೆಗೆ ಆದೇಶಿಸಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ನ್ಯಾಯಾಲಯ ಬದುಕಿದ್ದ ಆರೋಪಿಗಳು 215 ಮಂದಿಯೂ ತಪ್ಪಿತಸ್ಥರೆಂದು ತೀರ್ಪಿತ್ತಿತು. 269 ಆರೋಪಿಗಳಲ್ಲಿ 54 ಮಂದಿ ಅಷ್ಟರೊಳಗೆ ಸತ್ತಿದ್ದರು. 2023ರಲ್ಲಿ ಮದರಾಸು ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಹತ್ತೊಂಬತ್ತು ವರ್ಷ ಆ ಹೆಣ್ಣುಮಕ್ಕಳು ಒಂದೇ ಮಾತು ಹೇಳುತ್ತಾ ನಿಂತರು.

ಮಲೆಮಹದೇಶ್ವರ ಬೆಟ್ಟದ ಸುತ್ತಿನ ಕನ್ನಡ, ತಮಿಳು ಹಳ್ಳಿಗಳ ಕಥೆಯೂ ಇಂಥದೇ. ವೀರಪ್ಪನ್ ಎಷ್ಟೋ ಪೊಲೀಸರನ್ನೂ ಅರಣ್ಯದವರನ್ನೂ ಹಳ್ಳಿಗರನ್ನೂ ಕೊಂದವನು. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ಅವನ ನೆಲಬಾಂಬಿಗೆ 22 ಮಂದಿ ಸತ್ತರು. ಅವನನ್ನು ಹಿಡಿಯಲು ಬಂದ ಎರಡು ರಾಜ್ಯಗಳ ವಿಶೇಷ ಪಡೆಗಳವರು ಹಳ್ಳಿಯ ಜನರನ್ನು ಹಿಡಿದು ಹಿಂಸಿಸಿದರೆಂಬ ದೂರುಗಳನ್ನು ಮಾನವ ಹಕ್ಕು ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. 2000ದಲ್ಲಿ ನಟ ರಾಜ್‌ಕುಮಾರ್‌ರವರು ಕಾಡಿನಲ್ಲಿದ್ದ 108 ದಿನವೂ ಪತ್ರಿಕೆಗಳು ತುಂಬಿ ಹರಿದವು. ನಾವೂ ಆತಂಕದಿಂದ ಓದಿದೆವು, ಪ್ರಾರ್ಥಿಸಿದೆವು. ಅದೇ ಹೊತ್ತಿನಲ್ಲಿ ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಮೈಸೂರು ಸೆರೆಮನೆಯಲ್ಲಿ ಕೊಳೆಯುತ್ತಿದ್ದ ಬೆಟ್ಟದ ಹಳ್ಳಿಗರನ್ನು ಪತ್ರಿಕೆಗಳು ನೆನೆದದ್ದು ಬಹುಮಟ್ಟಿಗೆ ವೀರಪ್ಪನ್ ಅವರ ಬಿಡುಗಡೆ ಕೇಳಿದ್ದರಿಂದ. 2001ರಲ್ಲಿ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಮಂದಿಯನ್ನು ಖುಲಾಸೆ ಮಾಡಿತು. 2004ರ ಅಕ್ಟೋಬರ್ 18ರಂದು ನಮ್ಮ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಸತ್ತಾಗ ಪತ್ರಿಕೆಗಳಿಗೆ ಅವನ ಮೀಸೆಯ ಚಿಂತೆ.

ಈಗ ನಮ್ಮದೇ ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಒಂದು ಸಾಕ್ಷಿ ಕೂಟದಲ್ಲಿ ಸಿಲೋನಿನಿಂದ ಬಂದ ಒಬ್ಬ ತಾಯಿ ಎದ್ದು, ತನ್ನ ಲೈನಿಗೆ ಬೆಂಕಿಯಿಟ್ಟ ರಾತ್ರಿಯ ವಿಷಯ ಹೇಳಲು ಶುರು ಮಾಡಿದಳು. ಹೊತ್ತಾಗಿತ್ತು, ಮಕ್ಕಳು ಹಸಿದಿದ್ದರು. “ಅಮ್ಮಾ, ಆದದ್ದಾಯಿತು, ದೇವರಿಗೆ ಒಪ್ಪಿಸಿಬಿಡಿ” ಎಂದು ಹೇಳಿದವನು ಈ ಸಂಪಾದಕನೇ. ಆಕೆ ಸೆರಗು ಸರಿಮಾಡಿಕೊಂಡು ಕುಳಿತಳು. ಮತ್ತೆ ಎಂದೂ ಆ ವಿಷಯ ಎತ್ತಲಿಲ್ಲ. ಈಗ ಆಕೆ ಮಣ್ಣಿನಲ್ಲಿದ್ದಾಳೆ. ಆ ತಿಂಗಳ ಪತ್ರಿಕೆಯಲ್ಲಿ ಕೂಟಕ್ಕೆ ಎಷ್ಟು ಜನ ಬಂದಿದ್ದರೆಂದು ಅಚ್ಚು ಹಾಕಿದ್ದೇವೆ, ಕಾಣಿಕೆ ಎಷ್ಟು ಕೂಡಿತೆಂದೂ ಹಾಕಿದ್ದೇವೆ. ಬೇತ್ಲೆಹೇಮಿನ ಕೂಸುಗಳ ಕೊಲೆಯನ್ನು ಹೆರೋದನ ಆಸ್ಥಾನದವರು ಬರೆದಿಡಲಿಲ್ಲ, ಮತ್ತಾಯನು ಬರೆದಿಟ್ಟನು. ನಾವು ಮತ್ತಾಯನ ಕಡೆಯವರೆಂದುಕೊಂಡು ಆಸ್ಥಾನದವರ ಕೆಲಸ ಮಾಡಿದೆವು.

ಆದ್ದರಿಂದ ಆ ಹುಡುಗಿಯೊಡನೆ ಎರಡು ಸಂಜೆ ಕುಳಿತು ಮಾತಾಡಿದೆವು. ಹಳೆಯ ಪತ್ರಿಕೆಗಳನ್ನು ಓದಲಿ. ಆದರೆ ವರದಿಗಾರ ಎಲ್ಲಿ ನಿಂತು ಬರೆದ, ಯಾರು ಹೇಳಿದ್ದನ್ನು ಬರೆದ, ಯಾರನ್ನು ಕೇಳಲೇ ಇಲ್ಲ ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಲಿ. ಇಬ್ಬರು ಮೂವರು ಸಾಕ್ಷಿಗಳಿಂದ ಮಾತು ಸ್ಥಿರವಾಗಬೇಕೆಂಬ ಮೋಶೆಯ ನಿಯಮ ಸಂಶೋಧನೆಗೂ ಒಳ್ಳೆಯ ನಿಯಮ. ಸತ್ತವರ ಸಂಖ್ಯೆ ಬರೆಯುವಾಗ ಯಾರ ಲೆಕ್ಕ ಎಂದು ಬರೆಯದೆ ಬಿಡಬಾರದು. ಅಳುವವರ ಎದುರಿಗೆ ಫೋನ್ ಎತ್ತಿ ಚಿತ್ರ ತೆಗೆಯಬಾರದು. 1991ರಲ್ಲಿ ರಾಜೀವ್ ಗಾಂಧಿಯವರ ಕೊಲೆಯಾದ ಮೇಲೆ ಶಿಬಿರದವರನ್ನು ಸಂದೇಹದಿಂದ ನೋಡುವುದು ಹೆಚ್ಚಾಯಿತು. ಇಂದಿಗೂ ಅಲ್ಲಿ ಹೆಸರು ಹೊರಬಿದ್ದರೆ ತೊಂದರೆಯೆಂಬ ಭಯವಿದೆ. ಆದ್ದರಿಂದ ಅಧಿಕಾರಿಗಳ ಅನುಮತಿ ಪಡೆದೇ ಒಳಗೆ ಹೋಗಬೇಕು, ಹೆಸರು ಬೇಡವೆಂದವರ ಹೆಸರು ಬರೆಯಬಾರದು. ಬರೆದದ್ದನ್ನು ಹೇಳಿದವರಿಗೇ ಓದಿ ಕೇಳಿಸಬೇಕು. ಇದು ಬೇಡ ಎಂದರೆ ಹೊಡೆದುಹಾಕಬೇಕು. ಅಂಕ ಕಡಿಮೆಯಾದರೆ ಆಗಲಿ. “ಪೌರತ್ವ ಕೊಡಿಸುತ್ತೀಯಾ, ಮನೆ ಕೊಡಿಸುತ್ತೀಯಾ?” ಎಂದು ಕೇಳುವವರಿದ್ದಾರೆ. ಅವರಿಗೆ ಇಲ್ಲ ಎಂದು ನೇರವಾಗಿ ಹೇಳಬೇಕು.

ಹಿರಿಯರಿಗೂ ಒಂದು ಮಾತು. ಮಕ್ಕಳಿಗೆ ಭಯವಾಗುತ್ತದೆಂದು ನೀವು ಸುಮ್ಮನಿದ್ದೀರಿ. ನಿಮ್ಮ ಮೊಮ್ಮಕ್ಕಳು ಇದಕ್ಕಿಂತ ಭಯಂಕರವಾದದ್ದನ್ನು ದಿನವೂ ಫೋನಿನಲ್ಲಿ ನೋಡುತ್ತಿದ್ದಾರೆ, ಯಾರು ಏಕೆ ತೋರಿಸುತ್ತಿದ್ದಾರೆಂದು ತಿಳಿಯದೆಯೇ ನೋಡುತ್ತಿದ್ದಾರೆ. ಹೇಳಲು ಮನಸ್ಸಿಲ್ಲದವರನ್ನು ಯಾರೂ ಒತ್ತಾಯಿಸಬಾರದು. ಕೆಲವು ಗಾಯಗಳನ್ನು ಮುಟ್ಟದಿರುವುದೇ ಕರುಣೆ. ಹೇಳಬೇಕೆಂದಿದ್ದು ಕೇಳುವವರಿಲ್ಲದೆ ಸುಮ್ಮನಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಬರುವ ತಿಂಗಳ ಎರಡನೆಯ ಭಾನುವಾರ ಆರಾಧನೆಯ ನಂತರ ಅವಳು ಸಭಾ ಅಂಗಳದ ಹುಣಸೇಮರದ ಕೆಳಗೆ ಕುಳಿತಿರುತ್ತಾಳೆ. ಪ್ರಶ್ನೆಗಳನ್ನು ತಿದ್ದಿ ಬರೆದಿದ್ದಾಳೆ. ಹೌದು, ಇಲ್ಲ ಎಂದಿದ್ದ ಕಡೆ ಈಗ ಖಾಲಿ ಹಾಳೆಯಿದೆ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಹೇಳಬಹುದು. ಹೆಂಗಸರು ಹೆಂಗಸರೊಡನೆಯೇ ಮಾತಾಡಬೇಕೆಂದರೆ ಉಪದೇಶಿಯಮ್ಮನವರ ಮನೆಯಲ್ಲಿ ಜಾಗ ಮಾಡಿದೆ. ತೋಟದಲ್ಲಿರುವವರು ಕೊಯ್ಲು ಮುಗಿಸಿ ಊರಿಗೆ ಬಂದಾಗ ತಿಳಿಸಿದರೆ ಸಾಕು, ಅವಳೇ ಮನೆಗೆ ಬರುತ್ತಾಳೆ. ಹಡಗಿನ ಚೀಟಿ, ಕುಟುಂಬ ಕಾರ್ಡು, ತೋಟದ ಹಳೆಯ ಕಾಗದ ಏನಾದರೂ ಪೆಟ್ಟಿಗೆಯಲ್ಲಿದ್ದರೆ ತನ್ನಿ. ಮೂಲ ಕಾಗದವನ್ನು ಯಾರ ಕೈಗೂ ಕೊಟ್ಟು ಹೋಗಬೇಡಿ. ನಕಲು ತೆಗೆಸಿ, ಅದೇ ದಿನ ಹಿಂದಕ್ಕೆ ತೆಗೆದುಕೊಂಡು ಹೋಗಿ.